ಮೈಕಿನಲ್ಲಿ ನಿನ್ನ ಹೆಸರು

ಬಡವನಹಳ್ಳಿ
ಸೋಮವಾರ, ಮಧ್ಯಾಹ್ನ

ಕದಿರಯ್ಯಾ,

ನೋಡು, ಬರೆದೇಬಿಟ್ಟೆ. ನಿನ್ನ ಜೊತೆ ಹದಿಮೂರು ವರ್ಷ ಬಾಳಿದೆ, ನೀನು ಹೋಗಿ ಒಂಬತ್ತು ವರ್ಷವಾಯಿತು, ಇಷ್ಟೂ ಕಾಲ ನಾನು ನಿನ್ನನ್ನು ಹೆಸರು ಹಿಡಿದು ಕರೆದವಳಲ್ಲ. ಇದ್ದಾಗ ನೀನು ‘ಶ್ರೀಲತನ ಅಪ್ಪ’. ಸಿಟ್ಟು ಬಂದಾಗ ‘ಓಯ್’. ಹೋದಮೇಲೆ ‘ನಮ್ಮೋರು’. ಮೊನ್ನೆ ಶನಿವಾರ ಮಧುಗಿರಿಯ ಸಮುದಾಯ ಭವನದಲ್ಲಿ, ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತ ಜನರ ಎದುರು, ಮೈಕು ಹಿಡಿದು ನಿನ್ನ ಹೆಸರು ಹೇಳಿದೆ. ಒಂದು ಸಲವಲ್ಲ, ನಾಲ್ಕು ಸಲ. ಇದನ್ನು ನೀನು ಬೇರೆಯವರ ಬಾಯಿಂದ ಕೇಳಬಾರದು ಎಂದು ಈ ಕಾಗದ ಬರೆಯಲು ಕೂತಿದ್ದೇನೆ. ಏಳನೇ ಕ್ಲಾಸಿನ ಅಕ್ಷರ, ಹೆಂಗೋ ಓದಿಕೋ.

ನೀನಿದ್ದಾಗ ನಿನ್ನ ಹೆಸರನ್ನು ನಾನು ಹೇಳಿದ್ದು ಒಂದೇ ದಿನ. ನೆನಪಿದೆಯಾ? ಮದುವೆ ಮುಗಿಸಿಕೊಂಡು ನಿಮ್ಮ ಮನೆ ಹೊಸಿಲ ಮುಂದೆ ನಿಂತಾಗ ನಿನ್ನ ಅಕ್ಕ ಬಾಗಿಲಿಗೆ ಕೈ ಅಡ್ಡ ಇಟ್ಟು, “ಗಂಡನ್ ಹೆಸ್ರು ಹೇಳು, ಒಳೀಕ್ ಬುಡ್ತೀನಿ” ಎಂದಳು. ನಾನು ತಲೆ ತಗ್ಗಿಸಿ ಏನೋ ಗೊಣಗಿದೆ. “ಯಾರಿಗ್ ಕೇಳ್ತು? ಇನ್ನೊಂದ್ ಕಿತ ಹೇಳವ್ವ” ಎಂದಳು. ಪಕ್ಕದಲ್ಲಿದ್ದ ನೀನು, “ಬುಡಕ್ಕ, ನಂಗ್ ಕೇಳ್ತು, ಸಾಕು” ಎಂದೆ. ನೆರೆದಿದ್ದವರೆಲ್ಲ ಗೊಳ್ಳೆಂದು ನಕ್ಕರು. ಒಳಗೆ ಬಂದಮೇಲೆ ನಿಮ್ಮವ್ವ ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಮೇಲೆ ಆ ಹೆಸರು ನಾಲಗೆ ಮೇಲೆ ಬರಬಾರದು, ಗಂಡನ ಆಯಸ್ಸು ಕಮ್ಮಿಯಾಗುತ್ತದೆ ಎಂದರು. ಸರಿ ಎಂದೆ. ರೇಷನ್ ಅಂಗಡಿಯಲ್ಲಿ, ಸ್ಕೂಲಿನಲ್ಲಿ, ಓಟಿನ ದಿನ, ಎಲ್ಲ ಕಡೆಯೂ ಪಕ್ಕದಲ್ಲಿ ನಿಂತವರೇ ನಿನ್ನ ಹೆಸರು ಹೇಳುತ್ತಿದ್ದರು. ನಾನು ನಾಲಗೆ ಕಚ್ಚಿಕೊಂಡು ಕಾಪಾಡಿದ ಆಯಸ್ಸು ನಲವತ್ತಕ್ಕೆ ಮುಗಿಯಿತು. ಇದಕ್ಕೆ ಯಾರಪ್ಪ ಜವಾಬು ಕೊಡುತ್ತಾರೆ?

ಆ ದಿನದ ವಿಷಯ ನಿನಗೇನು ಹೇಳಲಿ, ಮರದ ಮೇಲೆ ಇದ್ದವನು ನೀನು. ಆದರೆ ಕೆಳಗೆ ನಡೆದದ್ದು ನಿನಗೆ ಗೊತ್ತಿಲ್ಲ. ಕೆರೆ ಏರಿಯ ಹಳೇ ಹುಣಸೇಮರ. ಆ ವರ್ಷ ಅದರ ಫಸಲು ಹಿಡಿದಿದ್ದವರು ಮಂಡಿ ಸಾವ್ಕಾರ ಶಂಕರಲಿಂಗಪ್ಪನವರು. ನೀನು ಹತ್ತಿ ಕೊಂಬೆ ಜಾಡಿಸುವುದು, ನಾವು ಹೆಂಗಸರು ಕೆಳಗೆ ಹಣ್ಣು ಆಯುವುದು. ಹಿಂದಿನ ದಿನವೇ ನೀನು ಸಾವ್ಕಾರರ ರೈಟರ್ ನರಸಿಂಹರಾಜುಗೆ ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. “ಮೂಡ್ಲು ಕಡೆ ಕೊಂಬೆ ಟೊಳ್ಳಾಗೈತೆ ಸ್ವಾಮಿ, ಅದ್ರ ಮ್ಯಾಕೆ ಹೋಗಾಕಾಗಲ್ಲ” ಎಂದೆ. ಅವನು, “ಹಣ್ಣೆಲ್ಲ ಅದ್ರಾಗೇ ಐತಲ್ಲೋ. ನಾಳೆ ಲಾರಿ ಬರ್ತೈತೆ, ಹತ್ತು” ಎಂದ. ಬೆಳಿಗ್ಗೆ ನೀನು ಮುದ್ದೆ, ಹುರುಳಿಸಾರು ಉಂಡು ಹೊರಟೆ. ನೀನೇನೂ ದೇವರಲ್ಲ ಬಿಡು, ಹೊಸತೊಡಕಿನ ದಿನ ಕುಡಿದು ಬಂದು ನನ್ನ ಕೈಲಿ ಬೈಸಿಕೊಂಡವನೇ. ಆದರೆ ಮರ ಹತ್ತುವ ದಿನ ಬೀಡಿಯನ್ನೂ ಮುಟ್ಟುತ್ತಿರಲಿಲ್ಲ. ಅದು ನನಗೆ ಗೊತ್ತು, ಊರಿಗೆ ಗೊತ್ತು, ನರಸಿಂಹರಾಜುಗೂ ಗೊತ್ತು.

ನಿನ್ನನ್ನು ಆಸ್ಪತ್ರೆ ಅಂಗಳದಲ್ಲಿ ಮಲಗಿಸಿ ಬಿಳಿ ಬಟ್ಟೆ ಹೊದಿಸಿದ್ದರು. ವಿಚಾರಣೆಗೆ ಬಂದ ಪೊಲೀಸರು ಹಾಳೆ ಹಿಡಿದು ನನ್ನ ಮುಂದೆ ಕೂತರು. “ಗಂಡನ ಹೆಸರೇನಮ್ಮ?” ಎಂದರು. ನಾನು ಸೆರಗು ಬಾಯಿಗೆ ಅಡ್ಡ ಹಿಡಿದು ಸುಮ್ಮನಾದೆ. ನೀನು ಅಲ್ಲೇ ಮಲಗಿದ್ದೆ, ಉಸಿರಿಲ್ಲ, ಕಮ್ಮಿಯಾಗಲು ಆಯಸ್ಸು ಎಲ್ಲಿತ್ತು? ಆದರೂ ನಾಲಗೆ ಹೊರಳಲಿಲ್ಲ. ಹಿಂದೆ ನಿಂತಿದ್ದ ನರಸಿಂಹರಾಜು, “ನಮ್ ಕಡೆ ಹೆಂಗಸ್ರು ಗಂಡನ್ ಹೆಸ್ರು ಹೇಳಾಕಿಲ್ಲ ಸಾರ್. ಕದಿರಯ್ಯ ಅಂತ ಬರ್ಕಳಿ” ಎಂದ. ಆ ಗಳಿಗೆಯಲ್ಲಿ ಪುಣ್ಯಾತ್ಮ ಎಂದುಕೊಂಡೆ ನೋಡು ಅವನನ್ನು, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ವಯಸ್ಸು ಅವನೇ ಹೇಳಿದ. ಊರು ಅವನೇ ಹೇಳಿದ. “ಕುಡಿದಿದ್ನಾ?” ಎಂದು ಕೇಳಿದಾಗಲೂ ಅವನೇ, “ಸ್ವಲ್ಪ ಹಾಕಿದ್ದ ಸಾರ್” ಎಂದ. ಬರೆಯುವವರು ತಲೆ ಎತ್ತಿ, “ಹೌದೇನಮ್ಮ?” ಎಂದು ನನ್ನನ್ನು ಕೇಳಿದರು. ಸಾವ್ಕಾರರು ಎರಡು ಮಾರು ದೂರದಲ್ಲಿ ನಿಂತು ನೋಡುತ್ತಿದ್ದರು. ನಿನ್ನ ಹೆಸರಿಗೆಂದು ತಗ್ಗಿಸಿದ ತಲೆಯನ್ನು ನಾನು ಎತ್ತಲೇ ಇಲ್ಲ. ಅದನ್ನು ‘ಹೂಂ’ ಎಂದು ಬರೆದುಕೊಂಡರು. ಕೆಳಗೆ ಸಹಿ ಹಾಕಿದವಳು ನಾನೇ, ಇದೇ ಅಕ್ಷರದಲ್ಲಿ.

ಅಷ್ಟೇ ನೋಡು ನಡೆದದ್ದು. ಟೊಳ್ಳು ಕೊಂಬೆ ಮುರಿದು ಸತ್ತವನು ಕಾಗದದಲ್ಲಿ ಕುಡಿದು ಬಿದ್ದು ಸತ್ತ. ತಿಥಿ ಮುಗಿದಮೇಲೆ ನಾನು ಮಂಡಿಗೆ ಹೋಗಿ ಸಾವ್ಕಾರರ ಮುಂದೆ ನಿಂತು, ನಮ್ಮೋರು ಕುಡಿದಿರಲಿಲ್ಲ, ಅದನ್ನು ತಿದ್ದಿಸಿಕೊಡಿ ಎಂದು ಕೇಳಿದೆ. ಅವರು ಸಿಟ್ಟು ಮಾಡಲಿಲ್ಲ. ಮೆತ್ತಗೆ, “ಅವತ್ತು ಕೇಳ್ದಾಗ ಸುಮ್ನಿದ್ದೆಯಲ್ಲಮ್ಮ. ಸುಮ್ನಿದ್ರೆ ಹೂಂ ಅಂತ್ಲೇ ಅರ್ಥ” ಎಂದರು. ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದೆ.

ಇಂಥ ಮಾತು ಕಾಗದದಲ್ಲೇ ಉಳಿಯುತ್ತದೆಯೇ? ಊರಿಗೆ ಬಂತು, ಸ್ಕೂಲಿಗೆ ಬಂತು. ಹನ್ನೊಂದು ವರ್ಷದ ನಿನ್ನ ಮಗಳು ಒಂದು ಸಂಜೆ ಬ್ಯಾಗು ಬಿಸಾಕಿ, “ಅಪ್ಪ ಕುಡುಕನಾ ಅಮ್ಮ?” ಎಂದಳು. ಇಲ್ಲ ಎಂದೆ. “ಮತ್ತೆ ನೀನ್ಯಾಕೆ ಸಹಿ ಹಾಕ್ದೆ?” ಎಂದಳು. ಅವಳಿಗೆ ಯಾರು ಹೇಳಿದ್ದರೋ ಕಾಣೆ. ಒಲೆ ಊದುತ್ತ ಕೂತೆ. ಕದಿರಯ್ಯಾ, ಇವತ್ತು ಬಾಯಿಬಿಟ್ಟು ಕೇಳುತ್ತೇನೆ, ತಪ್ಪಾಯಿತು, ಮನ್ನಿಸು. ನೀನು ಮರದಿಂದ ಬಿದ್ದದ್ದಕ್ಕಿಂತ ನಾನು ಸುಮ್ಮನಿದ್ದದ್ದು ನನ್ನನ್ನು ಹೆಚ್ಚು ತಿಂದಿದೆ.

ಎರಡು ವರ್ಷ ಅದೇ ಸಾವ್ಕಾರರ ಮಂಡಿಯಲ್ಲಿ ಹುಣಸೆಹಣ್ಣು ಬಡಿದು ಬೀಜ ತೆಗೆದೆ. ಇನ್ನೆಲ್ಲಿಗೆ ಹೋಗಲಿ? ಹೊಟ್ಟೆಗೆ ಮಾನ ಗೊತ್ತಾಗುವುದಿಲ್ಲ. ಆದರೆ ಕೈ ಕೆಲಸ ಮಾಡುತ್ತಿದ್ದರೂ ಕಣ್ಣು ಸುಮ್ಮನಿರಲಿಲ್ಲ. ಯಾವ ಮರದ ಹಣ್ಣು ಕಪ್ಪಾಗುತ್ತದೆ, ಯಾವುದು ಕೆಂಪಗೆ ನಿಲ್ಲುತ್ತದೆ, ಎಷ್ಟು ಬಿಸಿಲು ಕಾಣಿಸಬೇಕು, ಮೂಟೆಯಲ್ಲಿ ಹೆಂಗೆ ತುಳಿದು ತುಂಬಬೇಕು, ಎಲ್ಲ ಕಲಿತೆ. ಮೂರನೇ ವರ್ಷ ಪಂಚಾಯ್ತಿಯವರು ರಸ್ತೆಬದಿ ಹುಣಸೇಮರಗಳನ್ನು ಹರಾಜಿಗಿಟ್ಟರು. ಊರಿನ ಮಹಿಳಾ ಸಂಘದ ಹೆಂಗಸರನ್ನು ಕಟ್ಟಿಕೊಂಡು ಹೋದೆ. ನಮ್ಮ ಬೀದಿಯ ಕೊನೇ ಮನೆಯ ಸಣ್ಣಕ್ಕ ಗೊತ್ತಲ್ಲ, ಬಾಯಿ ಜೋರು, ಅವಳೂ ಬಂದಿದ್ದಳು. ಅಲ್ಲೊಬ್ಬ, “ಏನ್ರಮ್ಮ, ಗಂಡಸ್ರು ಯಾರೂ ಬರ್ಲಿಲ್ವಾ? ಹರಾಜು ಕೂಗೋರ್ಯಾರು?” ಎಂದು ಹಲ್ಲು ಬಿಟ್ಟ. ಸಣ್ಣಕ್ಕ, “ನಿಂಗ್ ಕಿವಿ ಕೇಳ್ತದೆ ತಾನೇ? ಕೂಗ್ತೀವಿ, ಕೇಳಿಸ್ಕೋ” ಎಂದಳು. ಕೂಗಿದೆವು. ಹನ್ನೊಂದು ಮರ ನಮ್ಮ ಪಾಲಿಗೆ ಬಂದವು.

ಮರ ಬಂದವು, ಹತ್ತುವವರು ಬೇಕಲ್ಲ. ಆಗ ನಾನೊಂದು ಹಟ ಹಿಡಿದೆ. ಕರೆಂಟ್ ಕಂಬ ಹತ್ತುವ ಲೈನ್‌ಮನ್‌ಗಳು ಸೊಂಟಕ್ಕೆ ಬೆಲ್ಟು ಹಾಕಿ ಹಗ್ಗದಿಂದ ಕಂಬಕ್ಕೆ ಬಿಗಿದುಕೊಳ್ಳುತ್ತಾರೆ, ನೋಡಿದ್ದೀಯಾ? ಅಂಥ ಬೆಲ್ಟು ನಮ್ಮ ಮರ ಹತ್ತುವವರಿಗೂ ಬೇಕು ಎಂದೆ. ಶಿರಾಕ್ಕೆ ಹೋಗಿ, ಮಸೀದಿ ಬೀದಿಯಲ್ಲಿ ಟಾರ್ಪಾಲು ಹೊಲಿಯುವ ಸಾಹೇಬರ ಹತ್ತಿರ ನಾಲ್ಕು ಹೊಲಿಸಿದೆ. ಯಾಕೆ ಏನು ಎಂದು ಕೇಳಿದವರು, ನಿನ್ನ ವಿಷಯ ಹೇಳಿದ ಮೇಲೆ, “ಜಾನ್ ಮಾಮ್ಲಾ ಅಕ್ಕ, ಜೀವದ್ ಪ್ರಶ್ನೆ, ಡಬಲ್ ಹೊಲ್ಗೆ ಹಾಕ್ತೀನಿ” ಎಂದರು. ಪಾವಗಡ ಕಡೆಯಿಂದ ಬಂದಿದ್ದ ಮರ ಹತ್ತುವವನೊಬ್ಬ ಬೆಲ್ಟನ್ನು ತಿರುಗಿಸಿ ಮುರುಗಿಸಿ ನೋಡಿ, “ಏಮಮ್ಮಾ, ತಾಡು ಕಟ್ಟುಕೊನಿ ಎಕ್ಕಾಲಾ? ನೋಡ್ದೋರು ನಗ್ತಾರಮ್ಮ” ಎಂದ. ಹಗ್ಗ ಕಟ್ಟಿಕೊಂಡು ಹತ್ತಿದರೆ ಅವನ ಗಂಡಸ್ತನಕ್ಕೆ ಕುಂದಂತೆ. “ನಗ್ಲಿ ಬುಡು. ಕೆಳೀಕ್ ಬಂದ್ಮೇಲೆ ನೀನೂ ನಗು” ಎಂದೆ. ಅವನು ಹತ್ತದೆ ಹೊರಟೇಹೋದ. ನಿನ್ನ ಜೊತೆಗಾರ ಸಣ್ಣರಂಗಯ್ಯ ಮಾತ್ರ ಬೆಲ್ಟನ್ನು ಕೈಯಲ್ಲಿ ಹಿಡಿದು, “ಅವತ್ತು ಇದಿದ್ದಿದ್ರೆ...” ಎಂದವನೇ ಸೊಂಟಕ್ಕೆ ಬಿಗಿದುಕೊಂಡು ಹತ್ತಿದ.

ಏಳು ಸುಗ್ಗಿಯಾಯಿತು. ನಮ್ಮ ಮರದಿಂದ ಒಬ್ಬನೂ ಕೆಳಗೆ ಬಿದ್ದಿಲ್ಲ. ಸಣ್ಣರಂಗಯ್ಯ ಒಮ್ಮೆ ಜಾರಿದ. ಬೆಲ್ಟು ಹಿಡಿಯಿತು. ಅರ್ಧ ಗಂಟೆ ತೊಟ್ಟಿಲ ಕೂಸಿನ ಹಾಗೆ ತೂಗಾಡುತ್ತ, ಬೇಗ ಏಣಿ ತರಲಿಲ್ಲವೆಂದು ನನಗೇ ಬೈದ. ಬೈಯಲಿ, ಬೈಯಲು ಬಾಯಿ ಉಳಿಯಿತಲ್ಲ. ಹೊರಟುಹೋಗಿದ್ದ ಪಾವಗಡದವನೂ ಮರುವರ್ಷ ತಾನಾಗಿ ಬಂದು ಬೆಲ್ಟು ಕೇಳಿದ. ಈಗ ಕೊರಟಗೆರೆ, ಶಿರಾ, ಪಾವಗಡ ಎಲ್ಲ ಕಡೆಗೂ ನಮ್ಮ ಬೆಲ್ಟು ಹೋಗುತ್ತವೆ. ಯಾರ ಮರ, ಯಾರ ಹಣ್ಣು ಎಂದು ನಾನು ಕೇಳುವುದಿಲ್ಲ, ಸುಗ್ಗಿ ಮುಗಿದಮೇಲೆ ತಂದು ಕೊಟ್ಟರೆ ಸರಿ. ಸಾವ್ಕಾರರ ಮರ ಹತ್ತುವವರೂ ಒಯ್ಯುತ್ತಾರೆ. ಬಡವನಹಳ್ಳಿಯಲ್ಲಿ ನಮ್ಮದೇ ಶೆಡ್ಡಿದೆ, ಇಪ್ಪತ್ಮೂರು ಹೆಂಗಸರಿಗೆ ಕೆಲಸವಿದೆ. ಶಿರಾದ ಹೋಟೆಲ್ಲುಗಳ ಸಾರಿಗೆ ನಮ್ಮ ಹುಳಿಯೇ. ಗೊರವನಹಳ್ಳಿಯಲ್ಲಿ ದೇವಸ್ಥಾನದ ಬಸ್ಸು ಇಳಿಯುವ ಕಡೆ ಒಂದು ಅಂಗಡಿ ಇಟ್ಟಿದ್ದೇವೆ, ಬೆಂಗಳೂರಿನವರು ಮೂಸಿ ನೋಡಿ ಉಂಡೆಗಟ್ಟಲೆ ಒಯ್ಯುತ್ತಾರೆ. ಜಂಬ ಎಂದುಕೊಂಡರೆ ಎಂದುಕೋ. ಮಾಡಿದ್ದನ್ನು ಹೇಳಿಕೊಳ್ಳಲು ನಾಚುವ ಕಾಲ ನನಗೆ ಮುಗಿಯಿತು.

ಇದನ್ನೆಲ್ಲ ನೋಡಿ ಮಧುಗಿರಿಯ ಮಹಿಳಾ ದಿನಾಚರಣೆ ಸಮಿತಿಯವರು ನಾಲ್ಕು ತಾಲ್ಲೂಕಿನ ನಾಲ್ಕು ಹೆಂಗಸರನ್ನು ‘ಸಾಧಕಿಯರು’ ಎಂದು ಆರಿಸಿದರು, ನಮ್ಮ ತಾಲ್ಲೂಕಿನಿಂದ ನಾನು. ಸಮಿತಿಯ ಕಾರ್ಯದರ್ಶಿ ಭುವನಾ ಮೇಡಂ, ಶ್ರೀಲತಳಿಗೆ ಹೈಸ್ಕೂಲಿನಲ್ಲಿ ಪಾಠ ಮಾಡಿದವರು, ಆಹ್ವಾನ ಪತ್ರಿಕೆ ತಂದುಕೊಟ್ಟರು. ನನ್ನ ಹೆಸರು ಅಚ್ಚಿನಲ್ಲಿ ನೋಡಿ ಹಿಗ್ಗಿಹೋದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಕೆಳಗಿನ ಸಾಲು ಓದಿದೆ. ಸನ್ಮಾನಿಸುವವರು: ಶ್ರೀ ಶಂಕರಲಿಂಗಪ್ಪನವರು. ಕಾರ್ಯಕ್ರಮದ ದಾನಿಗಳು ಅವರೇ ಅಂತೆ.

ಇಪ್ಪತ್ತು ವರ್ಷದ ನಿನ್ನ ಮಗಳು ಪತ್ರಿಕೆಯನ್ನು ಕೈಯಿಂದ ಕಿತ್ತುಕೊಂಡಳು. “ಹೋಗ್ಬೇಡ ಕಣಮ್ಮ. ಅವ್ರ ಕೈಲಿ ಶಾಲು ಹೊದಿಸ್ಕೊಂಡ್ರೆ ಅಪ್ಪ ಕುಡ್ದಿದ್ದ ಅಂತ ಇನ್ನೊಂದ್ ಸಲ ಸಹಿ ಹಾಕ್ದಂಗೆ” ಎಂದಳು. ನಿಜವೆನ್ನಿಸಿತು. ಮಾರನೇ ದಿನ ಶೆಡ್ಡಿನಲ್ಲಿ ಸಣ್ಣಕ್ಕನಿಗೆ ಹೇಳಿದರೆ ಅವಳು ಹಣ್ಣು ಬಡಿಯುವ ಕೊಡತಿ ಎತ್ತಿ, “ಹೋಗ್ದೆ ಮನೇಲ್ ಕುಂತ್ರೆ? ಇನ್ನೊಂದ್ ಕಿತ ಸುಮ್ನಿದ್ದಂಗೆ ಆಯ್ತದಲ್ಲೇ!” ಎಂದಳು. ಅದೂ ನಿಜವೇ. ಭುವನಾ ಮೇಡಂಗೆ ಫೋನು ಮಾಡಿ, ಬೇರೆ ಯಾರ ಕೈಲಾದರೂ ಸನ್ಮಾನ ಮಾಡಿಸಿ ಎಂದು ಕೇಳಿದೆ. ಪತ್ರಿಕೆ ಹಂಚಿ ಆಗಿದೆ ಎಂದರು. “ಸನ್ಮಾನ ಆದ್ಮೇಲೆ ನೀವೂ ಎರಡು ಮಾತಾಡ್ಬಹುದು ಮಂಜಮ್ಮನವ್ರೇ, ಮೈಕ್ ಕೊಡ್ತೀವಿ” ಎಂದರು. ಮೈಕ್ ಎಂದ ಕೂಡಲೇ ನನ್ನ ಮನಸ್ಸು ಗಟ್ಟಿಯಾಯಿತು.

ಆದರೆ ಹೇಳಬೇಕಾದ ಮೊದಲ ಮಾತೇ ನಿನ್ನ ಹೆಸರು. ಶೆಡ್ಡಿನಲ್ಲಿ ಕೂತು ಹೇಳಲು ನೋಡಿದೆ, ‘ಕ’ ಎಂದವಳು ಅದನ್ನು ‘ಕಸಬರಿಗೆ ಎಲ್ಲೇ’ ಎಂದು ತಿರುಗಿಸಿಬಿಟ್ಟೆ. ಸಣ್ಣಕ್ಕ, “ಇವ್ಳೊಬ್ಳೇ ಯಾಕೆ, ಎಲ್ರೂ ಹೇಳ್ರೇ ನಿ‌ಮ್‌ನಿಮ್ಮೋರ ಹೆಸ್ರ” ಎಂದು ಕೂಗಿದಳು. ಇಪ್ಪತ್ಮೂರು ಹೆಂಗಸರೂ ಬಾಯಿಗೆ ಸೆರಗು! ಒಬ್ಬಳು ಆಯಸ್ಸು ಕಮ್ಮಿಯಾಗುತ್ತದೆ ಎಂದಳು. ನಾನು, “ನಾನೇಳ್ಲಿಲ್ವಲ್ಲ, ನಮ್ಮೋರ ಆಯಸ್ಸು ಎಷ್ಟ್ ಉಳೀತು?” ಎಂದೆ. ಆಗ ಅರವತ್ತು ದಾಟಿದ ಚಿಕ್ಕಲಕ್ಷ್ಮಮ್ಮ ಕೂತಲ್ಲಿಂದಲೇ, “ದೊಡ್ಡೀರಯ್ಯ!” ಎಂದು ಶೆಡ್ಡಿನ ತಗಡು ಅದುರುವ ಹಾಗೆ ಅರಚಿದಳು. ಹೊರಗೆ ಕಟ್ಟೆ ಮೇಲೆ ಬೀಡಿ ಸೇದುತ್ತಿದ್ದ ಅವಳ ಗಂಡ ಎದ್ದು ಓಡಿಬಂದು, “ಏನಾಯ್ತೇ, ಯಾರ್ಗೇನಾಯ್ತು?” ಎಂದ. ನಕ್ಕೆವು ನೋಡು, ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆ ನಗುವಿನ ನಡುವೆ ನನ್ನ ಬಾಯಿಂದ ನಿನ್ನ ಹೆಸರು ಬಂತು. ಬಂದದ್ದೇ ಅಳುವೂ ಬಂತು, ಅದು ಬೇರೆ ಮಾತು.

ಶನಿವಾರ ಬೇಡವೆಂದಿದ್ದ ಮಗಳೂ ಜೊತೆಗೆ ಬಂದಳು. ನನ್ನ ಸರದಿ ಕೊನೆಯದು. ಭುವನಾ ಮೇಡಂ ಸನ್ಮಾನ ಪತ್ರ ಓದಿದರು. ‘ಶ್ರೀಮತಿ ಮಂಜಮ್ಮ, ಕೋಂ ದಿವಂಗತ ಕದಿರಯ್ಯ. ಪತಿಯ ಅಕಾಲ ಮರಣಕ್ಕೆ ಎದೆಗುಂದದೆ’ ಎಂದಿತ್ತು. ಅಕಾಲ ಮರಣ ಹೆಂಗಾಯಿತು ಎಂದು ಇರಲಿಲ್ಲ. ಸಾವ್ಕಾರರು ಎರಡು ಕೈಯಲ್ಲೂ ಶಾಲು ಬಿಡಿಸಿ ಹಿಡಿದು ನಗುತ್ತ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿದೆ. ಫೋಟೋದವನು, “ಅಮ್ಮ, ಇತ್ತ ನೋಡಿ” ಎಂದ. ನಾನು ತಲೆ ಬಗ್ಗಿಸಲಿಲ್ಲ. “ಒಂದ್ ನಿಮಿಷ ಸಾವ್ಕಾರ್ರೇ, ಶಾಲು ಆಮ್ಯಾಕೆ” ಎಂದು ಮೇಡಂ ಕೈಯಿಂದ ಮೈಕು ತೆಗೆದುಕೊಂಡೆ.

“ನನ್ ಗಂಡನ್ ಹೆಸ್ರು ಕದಿರಯ್ಯ” ಎಂದೆ. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಬಾಯಿಗೆ ಕೈ ಇಟ್ಟುಕೊಂಡಿತು. “ಸಾವ್ಕಾರ್ರು ಹಿಡಿದಿದ್ದ ಮರದಾಗೆ ಟೊಳ್ಳು ಕೊಂಬೆ ಮುರ್ದು ಸತ್ತ. ಟೊಳ್ಳೈತೆ ಅಂತ ಹಿಂದಿನ್ ದಿನ್ವೇ ಹೇಳಿದ್ದ. ಕಾಗದ್ದಾಗೆ ಕುಡ್ದಿದ್ದ ಅಂತ ಬರ್ಸವ್ರೆ. ಕದಿರಯ್ಯ ಕುಡ್ದಿರ್ಲಿಲ್ಲ. ಮುದ್ದೆ ಉಂಡ್ಕೊಂಡು ಹೋಗಿದ್ದ, ಇಕ್ಕಿದ್ದು ನಾನು.” ಆಮೇಲೆ ಸಾವ್ಕಾರರ ಕಡೆ ತಿರುಗಿದೆ. “ನೀವೂ ಅವತ್ತು ಅಲ್ಲೇ ಇದ್ರಿ. ಈಗ ಎಲ್ರೂ ಕೇಳಿಸ್ಕೊಂತವ್ರೆ, ನೀವೇ ಹೇಳ್ಬುಡಿ. ಕದಿರಯ್ಯ ಕುಡ್ದಿದ್ನಾ?” ಎಂದು ಮೈಕನ್ನು ಅವರ ಬಾಯಿ ಹತ್ತಿರ ಹಿಡಿದೆ.

ಎರಡನೇ ಸಾಲಿನಲ್ಲಿದ್ದ ನರಸಿಂಹರಾಜು ತನ್ನ ಚಪ್ಪಲಿ ನೋಡುತ್ತಿದ್ದ. ಸಾವ್ಕಾರರ ತುಟಿ ಅಲ್ಲಾಡಿತು, ಮಾತು ಹೊರಡಲಿಲ್ಲ. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ, ಶಾಲು ಹಿಡಿದ ಕೈ ಮಾತ್ರ ಮೆಲ್ಲಗೆ ಕೆಳಗಿಳಿಯಿತು. ನಾನು ಅವಸರ ಮಾಡಲಿಲ್ಲ. ಒಂಬತ್ತು ವರ್ಷ ಕಾದವಳಿಗೆ ಇನ್ನೊಂದು ನಿಮಿಷ ಯಾವ ಲೆಕ್ಕ? ಕೊನೆಗೆ ಮೈಕನ್ನು ಹಿಂದಕ್ಕೆ ತೆಗೆದುಕೊಂಡು ಹೇಳಿದೆ: “ಸುಮ್ನಿದ್ರೆ ಹೂಂ ಅಂತ್ಲೇ ಅರ್ಥ, ಅಂತ ನೀವೇ ನಂಗ್ ಹೇಳಿದ್ರಿ ಸಾವ್ಕಾರ್ರೇ. ಅವತ್ತು ನಾನ್ ಸುಮ್ನಿದ್ದದ್ದ ನೀವ್ ಬರ್ಕೊಂಡ್ರಿ. ಇವತ್ತು ನೀವ್ ಸುಮ್ನಿದ್ದದ್ದ ನಾನ್ ಬರ್ಕೊಂತೀನಿ. ಕದಿರಯ್ಯ ಕುಡ್ದಿರ್ಲಿಲ್ಲ ಅಂತ ನೀವೂ ಒಪ್ಪಿದ್ರಿ.”

ಆಮೇಲೆ ಅವರ ಕೈಯಿಂದ ಶಾಲನ್ನು ನಾನೇ ತೆಗೆದುಕೊಂಡು ನಾನೇ ಹೊದ್ದುಕೊಂಡೆ. ಯಾಕೆ ಬಿಡಲಿ? ಅದು ಅವರ ದಾನವಲ್ಲ, ನಮ್ಮ ಇಪ್ಪತ್ಮೂರು ಹೆಂಗಸರ ಕೈ ಕೆಲಸಕ್ಕೆ ಬಂದದ್ದು. ಬಾಗಿಲ ಹತ್ತಿರ ನಿಂತಿದ್ದ ಸಣ್ಣರಂಗಯ್ಯ ಮರದ ಮೇಲಿಂದ ಹಾಕುವ ಸಿಳ್ಳೆ ಹಾಕಿದ. ಆಗ ಚಪ್ಪಾಳೆ ಶುರುವಾಯಿತು.

ಸುಮ್ಮನಿರದ ಬಾಯಿಗಳೂ ಇವೆ. ಕರೆದು ಮರ್ಯಾದೆ ಮಾಡಿದವರ ಮುಖಕ್ಕೇ ಹಿಂಗೆ ಮಾಡಬಹುದಾ ಎಂದು ನಿನ್ನೆಯಿಂದ ಕೇಳುತ್ತಿದ್ದಾರೆ. ಪೇಪರಿನಲ್ಲಿ ‘ಸಾಧಕಿಯರಿಗೆ ಸನ್ಮಾನ’ ಎಂದು ಎರಡು ಸಾಲು ಬಂದಿದೆ, ನಿನ್ನ ಸುದ್ದಿಯಿಲ್ಲ. ಹಳೇ ಕಾಗದ ಇನ್ನೂ ಹಾಗೇ ಇದೆ, ಅದನ್ನು ತಿದ್ದಿಸಲು ಅರ್ಜಿ ಬರೆಯುತ್ತಿದ್ದೇನೆ, ಭುವನಾ ಮೇಡಂ ನೋಡಿಕೊಡುತ್ತೇನೆ ಎಂದಿದ್ದಾರೆ. ಆದೀತು, ಆಗದೆಯೂ ಇದ್ದೀತು. ಮುನ್ನೂರು ಜನರ ಕಿವಿಗೆ ಬಿದ್ದದ್ದನ್ನು ಯಾವ ರೈಟರೂ ಅಳಿಸಲಾರ.

ಇನ್ನೊಂದು ಹೇಳಿ ಮುಗಿಸುತ್ತೇನೆ. ಸಂಜೆ ಬಸ್ಸಿನಲ್ಲಿ ಬರುವಾಗ ಶ್ರೀಲತಾ ನನ್ನ ಭುಜಕ್ಕೆ ತಲೆಯಿಟ್ಟು ಕೂತಿದ್ದಳು. ಆಮೇಲೆ, “ಅಮ್ಮ, ಅಪ್ಪನ ಹೆಸ್ರು ಇನ್ನೊಂದ್ ಸಲ ಕರಿಯಮ್ಮ” ಎಂದಳು. ನನಗೂ ಬೇಕಾಗಿತ್ತು ಅಂತ ಕಾಣುತ್ತದೆ. “ಕದಿರಯ್ಯಾ!” ಎಂದು ಜೋರಾಗಿಯೇ ಕರೆದೆ. ಮುಂದಿನ ಬಾಗಿಲಲ್ಲಿದ್ದ ಕಂಡಕ್ಟರು ಗಾಬರಿಯಾಗಿ ಸೀಟಿ ಊದಿ ಬಸ್ಸು ನಿಲ್ಲಿಸಿದ. “ಯಾರಮ್ಮ ಕದಿರಯ್ಯ? ಹತ್ಲಿಲ್ವಾ ಅವ್ರು?” ಎಂದ.

“ಹತ್ತವ್ರೆ ಕಣಪ್ಪ. ರೈಟ್ ಹೇಳು” ಎಂದೆ.

ಹೆಂಡತಿ ಗಂಡನ ಕಾಲಿಗೆ ಬಿದ್ದು ಆಶೀರ್ವಾದ ಬೇಡಬೇಕು ಎನ್ನುತ್ತಾರೆ. ಈ ಸಲ ನಾನೇ ಕೊಡುತ್ತೇನೆ, ತಗೋ: ಎಲ್ಲಿದ್ದರೂ ತಲೆ ಎತ್ತಿಕೊಂಡು ತಣ್ಣಗಿರು.

ಕದಿರಯ್ಯನ ಹೆಂಡತಿ,
ಹುಣಸೇಹಣ್ಣಿನ ಮಂಜಮ್ಮ